ಅಯಸ್ಕಾಂತಕ್ಕೆ ಅಂಟಿದ ತೋಟಾ: ಕ್ಯಾಲಿಫೋರ್ನಿಯಾದಲ್ಲಿ ಇದು ನಿಷೇಧವಾ, ಅಲ್ವಾ?

ಬಾಳೆಲೆಯವ
ಎಲ್ಲರಿಗೂ ನಮಸ್ಕಾರ. ಫ್ರೀಮಾಂಟ್‌ನಿಂದ ಬರೆಯುತ್ತಿದ್ದೇನೆ. ಊರು ದಕ್ಷಿಣ ಕೊಡಗು. ಗ್ರೀನ್ ಕಾರ್ಡ್ ಬಂದ ಮೇಲೆ 5.56 ಮಿಲಿಮೀಟರ್ ಗುಂಡಿನ ಒಂದು ಬೋಲ್ಟ್ ರೈಫಲ್ ತೆಗೆದುಕೊಂಡೆ. ತಿಂಗಳಿಗೊಮ್ಮೆ ರೇಂಜಿಗೆ ಹೋಗಿ ಕಾಗದಕ್ಕೆ ತೂತು ಮಾಡಿ ಬರುತ್ತೇನೆ, ಅಷ್ಟೇ.

ಹೋದ ಶನಿವಾರ ಊರಿಂದ ಬಂದಿರುವ ಮಾವನನ್ನೂ ಕರೆದುಕೊಂಡು ಹೋಗಿದ್ದೆ. ರೇಂಜಿನವನು ನನ್ನ ತೋಟಾ ಡಬ್ಬಿ ತೆರೆದು ಮೇಲೆ ಒಂದು ಅಯಸ್ಕಾಂತ ಆಡಿಸಿದ. ಟಕ್ ಅಂತ ಅಂಟಿತು. ಗುಂಡಿನ ತುದಿಗೆ ಹಸಿರು ಬಣ್ಣ ಇದೆ, ಎಂ855 ಅನ್ನುತ್ತಾರಲ್ಲ, ಅದು. 'ಇದು ಇಲ್ಲಿ ನಡೆಯಲ್ಲ' ಅಂದು ಡಬ್ಬಿ ಮುಚ್ಚಿ ವಾಪಸ್ ಕೊಟ್ಟ. ಪಕ್ಕದ ಬೆಂಚಿನವನೊಬ್ಬ ನಡುವೆ ಬಾಯಿ ಹಾಕಿ, 'ಅದು ಕವಚ ಸೀಳುವ ಗುಂಡು, ಈ ರಾಜ್ಯದಲ್ಲಿ ಇಟ್ಟುಕೊಂಡರೇ ಜೈಲು' ಅಂದ.

ನನಗೆ ಕೈಕಾಲು ತಣ್ಣಗಾಯಿತು. ಅಂಗಡಿಯಲ್ಲಿ ಹಿನ್ನೆಲೆ ತಪಾಸಣೆ ಮಾಡಿಸಿ, ರಸೀದಿ ಹಾಕಿಸಿ ತಂದ ಮಾಲು ಸ್ವಾಮಿ ಇದು. ಕಾನೂನು ಗೊತ್ತಿರುವವರು ಯಾರಾದರೂ ಬಿಡಿಸಿ ಹೇಳಿ. ಡಬ್ಬಿ ಕಾರಿನ ಡಿಕ್ಕಿಯಲ್ಲಿದೆ, ನನಗೆ ನಿದ್ದೆ ಇಲ್ಲ.

ಪೀಣ್ಯ ಫಿಟ್ಟರ್
ಅಯಸ್ಕಾಂತಕ್ಕೆ ಕಾನೂನು ಗೊತ್ತಿಲ್ಲ ಗುರು, ಕಬ್ಬಿಣ ಮಾತ್ರ ಗೊತ್ತು. ಒಳಗಿನ ತಿರುಳು ಸೀಸವೇ ಆಗಿದ್ದರೂ ಮೇಲಿನ ಹೊದಿಕೆ ಉಕ್ಕಿನ ತಗಡಾದರೆ ಅಂಟುತ್ತದೆ. ರೇಂಜಿನವರಿಗೆ ಚಿಂತೆ ಬೇರೆ. ಉಕ್ಕಿನ ಗುಂಡು ಹಿಂದಿನ ತಡೆಗೋಡೆ ಹಾಳು ಮಾಡುತ್ತದೆ. ಕಲ್ಲಿಗೆ ತಗುಲಿ ಕಿಡಿ ಹಾರಿದರೆ ಒಣಹುಲ್ಲಿಗೆ ಬೆಂಕಿ. ಅದು ಅವರ ಮನೆ ರೂಲು, ಅಷ್ಟೇ.

ಕರಿಕೋಟು
ಮೊದಲು ನಿದ್ದೆ ಮಾಡಿ. ನಾನು ಈ ರಾಜ್ಯದಲ್ಲೇ ವಕೀಲಿ ಮಾಡುತ್ತೇನೆ, ಆದರೆ ನಿಮ್ಮ ವಕೀಲನಲ್ಲ. ಇದನ್ನು ಕಟ್ಟೆ ಮೇಲಿನ ಮಾತು ಅಂತ ತಿಳಿದುಕೊಳ್ಳಿ.

ಕ್ಯಾಲಿಫೋರ್ನಿಯಾ ದಂಡ ಸಂಹಿತೆಯಲ್ಲಿ 30315 ಅಂತ ಒಂದು ಸೆಕ್ಷನ್ ಇದೆ. ಲೋಹ ಅಥವಾ ಕವಚ ಸೀಳಲೆಂದೇ ಮಾಡಿದ ತೋಟಾ ಇಟ್ಟುಕೊಂಡರೆ ಅಪರಾಧ ಅಂತ ಹೇಳುವುದು ಅದೇ. ಅಲ್ಲಿ 'ಕೈಬಂದೂಕಿನ ತೋಟಾ', ಅಂದರೆ ಪಿಸ್ತೂಲು ರಿವಾಲ್ವರಿನ ತೋಟಾ, ಅನ್ನುವ ಮಾತಿದೆ, ಅದನ್ನು ಬಿಟ್ಟು ಓದಬೇಡಿ. ಅರ್ಥ ಬಿಡಿಸಿರುವುದು 16660ರಲ್ಲಿ. ಆ ವಾಕ್ಯ ಶುರುವಾಗುವುದೇ ವಿನಾಯಿತಿಯಿಂದ: ಶಾಟ್‌ಗನ್ನಿನ ತೋಟಾ ಮತ್ತು ಮುಖ್ಯವಾಗಿ ರೈಫಲ್ಲಿಗಾಗಿ ಮಾಡಿದ ತೋಟಾ ಬಿಟ್ಟು ಉಳಿದವು. ಎಂ855 ಹುಟ್ಟಿದ್ದೇ ರೈಫಲ್ಲಿಗೆ. ಹಾಗಾಗಿ ಆ ಸೆಕ್ಷನ್ ನಿಮ್ಮ ಡಿಕ್ಕಿಯ ಹತ್ತಿರ ಬರುವುದಿಲ್ಲ.

ಗೊಂದಲ ಎಲ್ಲಿಂದ ಬಂತು ಅಂದರೆ, ಕೇಂದ್ರದ ಕಾನೂನಿನಿಂದ. 1986ರ ಆ ಕಾನೂನು 'ಮುಖ್ಯವಾಗಿ' ಅನ್ನುವುದಿಲ್ಲ. 'ಕೈಬಂದೂಕಿನಲ್ಲಿ ಬಳಸಬಹುದಾದ' ಗುಂಡು ಅನ್ನುತ್ತದೆ. ಅದರ ತಿರುಳು ಪೂರ್ತಿಯಾಗಿ ಟಂಗ್‌ಸ್ಟನ್ ಮಿಶ್ರಲೋಹ, ಉಕ್ಕು, ಕಬ್ಬಿಣ, ಹಿತ್ತಾಳೆ, ಕಂಚು, ಬೆರಿಲಿಯಂ ತಾಮ್ರ ಅಥವಾ ಸತ್ವ ತೆಗೆದ ಯುರೇನಿಯಂ, ಇವುಗಳಲ್ಲಿ ಒಂದರಿಂದಲೋ ಹಲವು ಸೇರಿಯೋ ಆಗಿದ್ದರೆ ಅದು ಕವಚ ಸೀಳುವ ಗುಂಡು. ಒಂದು 'ಮುಖ್ಯವಾಗಿ', ಒಂದು 'ಬಳಸಬಹುದಾದ'. ಈ ಎರಡು ಪದಗಳ ನಡುವೆ ಎಷ್ಟು ಜನರ ನಿದ್ದೆ ಹೋಗಿದೆಯೋ.

5.56 ತೋಟಾ ಹಾಕುವ ಪಿಸ್ತೂಲುಗಳು ಈಗ ಮಾರುಕಟ್ಟೆಯಲ್ಲಿ ಧಾರಾಳ. ಅಂದರೆ ಎಂ855 'ಬಳಸಬಹುದಾದ' ಗುಂಪಿಗೆ ಬಂದೇ ಬಿಟ್ಟಿತು. ಆದರೆ 1986ರಲ್ಲೇ ಅದಕ್ಕೆ ಕ್ರೀಡೆಗಾಗಿ ಬಳಸುವ ತೋಟಾ ಅಂತ ವಿನಾಯಿತಿ ಕೊಟ್ಟಿದ್ದರು. 2015ರ ಫೆಬ್ರವರಿಯಲ್ಲಿ ಬಂದೂಕು ಕಾನೂನು ನೋಡಿಕೊಳ್ಳುವ ಕೇಂದ್ರದ ಎಟಿಎಫ್ ಇಲಾಖೆ ಆ ವಿನಾಯಿತಿ ತೆಗೆಯುತ್ತೇವೆ ಅಂದಿತು. 80,000ಕ್ಕೂ ಜಾಸ್ತಿ ಅಭಿಪ್ರಾಯಗಳು ಬಂದು ಬಿದ್ದವು. ಮಾರ್ಚ್ 10ಕ್ಕೆ ಕೈಬಿಟ್ಟರು. ಪಕ್ಕದ ಬೆಂಚಿನವರಿಗೆ ಮೊದಲ ಸುದ್ದಿ ಮುಟ್ಟಿದೆ, ಎರಡನೆಯದು ಮುಟ್ಟಿಲ್ಲ.

ಬಾಳೆಲೆಯವ
ಉಸಿರು ಬಂತು ಸರ್. ಒಂದು ಸಂಶಯ. ಎಂ855ರಲ್ಲಿ ತುದಿಗೆ ಮಾತ್ರ ಉಕ್ಕಿನ ಚೂರು, ಹಿಂದೆಲ್ಲ ಸೀಸ ಅಂತ ಓದಿದೆ. 'ಪೂರ್ತಿಯಾಗಿ' ಅಂದ ಮೇಲೆ ವಿನಾಯಿತಿಯೇ ಏಕೆ ಬೇಕಿತ್ತು?

ಕರಿಕೋಟು
ಅದನ್ನೇ ಇವತ್ತಿಗೂ ಕೇಳುತ್ತಿದ್ದಾರೆ. ಸೀಸ ಇರುವಾಗ 'ಪೂರ್ತಿ' ಹೇಗಾಗುತ್ತದೆ ಅನ್ನುವುದು ಒಂದು ವಾದ. ಆ ಉಕ್ಕಿನ ಚೂರೇ ಒಂದು ಪ್ರತ್ಯೇಕ ತಿರುಳು, ಅದು ಪೂರ್ತಿ ಉಕ್ಕೇ ಅಲ್ವಾ ಅನ್ನುವುದು ಇಲಾಖೆಯ ಓದು. ವಿನಾಯಿತಿ ಇರುವವರೆಗೆ ಜಗಳಕ್ಕೆ ಕೆಲಸವಿಲ್ಲ.

ವಿನಾಯಿತಿ ಇಲ್ಲದವರಿಗೆ ಏನಾಯಿತು ನೋಡಿ. ರಷ್ಯಾದ 5.45 ರೈಫಲ್ಲಿನ 7ಎನ್6 ತೋಟಾ ವರ್ಷಗಟ್ಟಲೆ ಅಗ್ಗಕ್ಕೆ ಬರುತ್ತಿತ್ತು, ಉಕ್ಕಿನ ತಿರುಳು. ಯಾರೋ ಅದೇ ತೋಟಾದ ಒಂದು ಪಿಸ್ತೂಲನ್ನು ಈ ದೇಶಕ್ಕೆ ತರಲು ಹೊರಟರು. 2014ರ ಏಪ್ರಿಲ್‌ನಲ್ಲಿ ತೋಟಾದ ಆಮದೇ ನಿಂತಿತು. ಗುಂಡು ಬದಲಾಗಲಿಲ್ಲ, ರೈಫಲ್ಲೂ ಬದಲಾಗಲಿಲ್ಲ. ಎಲ್ಲೋ ಒಂದು ಪಿಸ್ತೂಲು ಹುಟ್ಟಿದ್ದಕ್ಕೆ ರೈಫಲ್ ತೋಟಾ ಕೆಟ್ಟದ್ದಾಯಿತು.

ಸುಮ್ನೆ ಓದೋನು
ದಡ್ಡ ಪ್ರಶ್ನೆ, ಬಯ್ಯಬೇಡಿ. ಪೊಲೀಸರ ಜಾಕೆಟ್ ಸೀಳುವ ಗುಂಡು ಬೇಡ ಅನ್ನುವುದು ಉದ್ದೇಶ ತಾನೇ? ಹಾಗಾದರೆ ಜಾಕೆಟ್ಟಿಗೆ ಹೊಡೆದು ನೋಡಿ, ಸೀಳಿದ್ದೆಲ್ಲ ನಿಷೇಧ ಅಂತ ಒಂದೇ ಸಾಲು ಬರೆದಿದ್ದರೆ ಆಗುತ್ತಿರಲಿಲ್ಲವಾ? ಈ ಲೋಹದ ಪಟ್ಟಿ ಏಕೆ?

ಕರಿಕೋಟು
ದಡ್ಡ ಪ್ರಶ್ನೆ ಅಲ್ಲ. ಮೊದಲು ಹಾಗೇ ಬರೆಯಲು ಹೊರಟಿದ್ದರು. ನ್ಯೂಯಾರ್ಕಿನ ಸಂಸದ ಮಾರಿಯೋ ಬಿಯಾಗಿ, ತಾವೇ ಹಿಂದೆ ಪೊಲೀಸ್ ಆಗಿದ್ದವರು, 80ರ ದಶಕದ ಶುರುವಿನಲ್ಲಿ ತಂದ ಮಸೂದೆ ಸೀಳುವ ಶಕ್ತಿಯನ್ನೇ ಅಳೆಯುವಂಥದ್ದು. ತೊಂದರೆ ಏನು ಗೊತ್ತಾ? ಪೊಲೀಸರು ಅಂಗಿಯೊಳಗೆ ಹಾಕುವ ಮೆದು ಜಾಕೆಟ್ ಪಿಸ್ತೂಲಿನ ಗುಂಡು ತಡೆಯಲು ಮಾಡಿದ್ದು. ಜಿಂಕೆ ಬೇಟೆಯ ಸಾಮಾನ್ಯ ರೈಫಲ್ ಗುಂಡು ಸೀಸದ್ದೇ ಇರಲಿ, ವೇಗದಿಂದಲೇ ಅದನ್ನು ದಾಟಿ ಹೋಗುತ್ತದೆ. ಅದನ್ನು ತಡೆಯಲು ಗಟ್ಟಿ ಫಲಕ ಬೇಕು. ಶಕ್ತಿಯಿಂದ ಅಳೆದರೆ 1895ರಿಂದ ಜನ ಜಿಂಕೆ ಹೊಡೆಯುತ್ತಿರುವ .30-30 ಕೂಡ ನಿಷೇಧ ಆಗಬೇಕು. ಬೇಟೆಗಾರರು ಸುಮ್ಮನಿರುತ್ತಾರಾ? ಎಳೆದಾಡಿ ಎಳೆದಾಡಿ ಕೊನೆಗೆ 'ಏನು ಮಾಡುತ್ತದೆ' ಬಿಟ್ಟು 'ಏನಿಂದ ಮಾಡಿದೆ' ಅನ್ನುವುದಕ್ಕೆ ಬಂದು ನಿಂತರು.

ನನಗೆ ಕೇಳಿದರೆ ಈ ಎಲ್ಲ ಕಾನೂನುಗಳ ಕತೆ ಇಷ್ಟೇ. ಗುಂಡಿನ ಅಪಾಯವನ್ನು ಹಿಡಿಯಲು ಹಿಡಿಕೆ ಸಿಗುವುದಿಲ್ಲ. ಹಾಗಾಗಿ ಒಬ್ಬರು ಲೋಹ ಹಿಡಿಯುತ್ತಾರೆ, ಒಬ್ಬರು ಅಳತೆ, ಒಬ್ಬರು ಆಕಾರ, ಒಬ್ಬರು ಹೆಸರು. ಹಿಡಿದದ್ದು ಕೈಗೆ ಬರುತ್ತದೆ, ಉಳಿದದ್ದು ಜಾರುತ್ತದೆ.

ಹೆಸರು ಹಿಡಿದವರ ಕತೆ ಒಂದು ಹೇಳಿಬಿಡುತ್ತೇನೆ. ಅದೇ 16660ರಲ್ಲಿ ಗುಂಡಿನ ಮೇಲಿನ ಲೇಪದ ಮಾತು ಎತ್ತಿ, ಕೆಟಿಡಬ್ಲ್ಯೂ ತೋಟಾ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಕೆಟಿಡಬ್ಲ್ಯೂ ಅಂದರೆ 60ರ ದಶಕದಲ್ಲಿ ಒಹಾಯೊದಲ್ಲಿ ಆ ಗುಂಡು ಮಾಡಿದ ಮೂವರ ಹೆಸರಿನ ಮೊದಲ ಅಕ್ಷರಗಳು. ಗಟ್ಟಿ ಲೋಹ ನಳಿಗೆಯ ಒಳಗನ್ನು ಸವೆಸದಿರಲಿ ಅಂತ ಮೇಲೆ ಟೆಫ್ಲಾನ್ ಬಳಿದಿದ್ದರು. ಟಿವಿಯವರು ನೋಡಿ 'ಟೆಫ್ಲಾನ್ ಇರುವುದಕ್ಕೇ ಜಾಕೆಟ್ಟಿನೊಳಗೆ ಜಾರುತ್ತದೆ' ಅಂತ ಊರೆಲ್ಲ ಸಾರಿದರು. ದೋಸೆ ಕಾವಲಿಯ ಲೇಪ ಸೀಳುವುದಕ್ಕೆ ಏನೂ ಸಹಾಯ ಮಾಡುವುದಿಲ್ಲ. ಆದರೂ ಕಾನೂನಿನಲ್ಲಿ ಲೇಪದ ಮಾತು ಗಟ್ಟಿಯಾಗಿ ಕೂತಿದೆ.

ಪೀಣ್ಯ ಫಿಟ್ಟರ್
ದೋಸೆ ಕಾವಲಿ 😄

ಅಳತೆ ಹಿಡಿದವರ ಬಗ್ಗೆ ನಾನು ಬರೆಯಲಾ? ಪೀಣ್ಯದ ಟೂಲ್‌ರೂಮಿನಲ್ಲಿ ಹನ್ನೊಂದು ವರ್ಷ ಮೈಕ್ರೋಮೀಟರ್ ಹಿಡಿದವನು, ಈಗ ಸ್ಯಾನ್ ಹೋಸೆಯಲ್ಲಿ ಅದೇ ಕೆಲಸ.

ಕ್ಯಾಲಿಫೋರ್ನಿಯಾದ .50 ಬಿಎಂಜಿ, ಅಂದರೆ ಅರ್ಧ ಇಂಚು ದಪ್ಪ ಗುಂಡಿನ ದೊಡ್ಡ ತೋಟಾದ ಕಾನೂನು 2004ರದ್ದು. ಗವರ್ನರ್ ಶ್ವಾರ್ಜನೆಗರ್ ಸಹಿ ಹಾಕಿದ್ದು, 2005ರ ಜನವರಿ 1ರಿಂದ ಜಾರಿ. ಸಿನಿಮಾದಲ್ಲಿ ಅಷ್ಟೆಲ್ಲ ಬಂದೂಕು ಹಿಡಿದವರ ಕೈಯಿಂದಲೇ. ಇರಲಿ. ನನಗೆ ಇಷ್ಟವಾಗಿದ್ದು ಸೆಕ್ಷನ್ 30525. ಅದು ಕಾನೂನಲ್ಲ, ಡ್ರಾಯಿಂಗು. ತೋಟಾದ ಒಟ್ಟು ಉದ್ದ 5.54 ಇಂಚು. ಗುಂಡಿನ ವ್ಯಾಸ .510ರಿಂದ .511 ಇಂಚು. ಕೇಸಿನ, ಅಂದರೆ ಮದ್ದು ತುಂಬಿದ ಹಿತ್ತಾಳೆ ಕೊಳವೆಯ, ಬುಡದ ವ್ಯಾಸ .800ರಿಂದ .804. ಕೇಸಿನ ಉದ್ದ 3.91. ನಾಲ್ಕೂ ಸೇರಿದರೆ ಮಾತ್ರ ಅದು .50 ಬಿಎಂಜಿ.

ನೋಡಿದಿರಾ? ವ್ಯಾಸಕ್ಕೆ 'ಇಷ್ಟರಿಂದ ಇಷ್ಟು' ಅಂತ ಕೊಟ್ಟಿದ್ದಾರೆ. ಉದ್ದಕ್ಕೆ ಟಾಲರೆನ್ಸೇ ಇಲ್ಲ! 5.54 ಅಂದರೆ 5.54. ನಮ್ಮ ಫೋರ್‌ಮನ್ ಇಂಥ ಡ್ರಾಯಿಂಗ್ ಬಂದರೆ ತಿರುಗಿಸಿ ಎಸೆಯುತ್ತಿದ್ದರು, 'ಪ್ಲಸ್ ಎಷ್ಟು, ಮೈನಸ್ ಎಷ್ಟು ಅಂತ ಕೇಳಿಕೊಂಡು ಬಾ' ಅಂತ.

ಅಳತೆಯಿಂದ ಹಿಡಿದರೆ ಅಳತೆ ಬದಲಾಯಿಸಿದವನು ಹೊರಗೆ. ಆಗಿದ್ದೂ ಅದೇ. ಕೇಸನ್ನು ಚೂರು ಗಿಡ್ಡ ಮಾಡಿದ .510 ಡಿಟಿಸಿ ಅಂತ ಒಂದು ಬಂತು. ಅದೇ ಕೇಸಿನ ಕುತ್ತಿಗೆ ಕಿರಿದು ಮಾಡಿದ .416 ಬ್ಯಾರೆಟ್ ಬಂತು. ದೂರದ ಗುರಿಗೆ .416 ಇನ್ನೂ ಚೆನ್ನಾಗಿ ಹೋಗುತ್ತದೆ ಅನ್ನುತ್ತಾರೆ, ಅದಂತೂ ಮಜಾ. ಬ್ಯಾರೆಟ್ ಕಂಪನಿಯ ಮಾಲೀಕ ಸಿಟ್ಟು ಮಾಡಿಕೊಂಡು, ಕ್ಯಾಲಿಫೋರ್ನಿಯಾದ ಸರ್ಕಾರಿ ಇಲಾಖೆಗಳಿಗೆ ಮಾರುವುದೂ ಇಲ್ಲ, ರಿಪೇರಿ ಮಾಡಿಕೊಡುವುದೂ ಇಲ್ಲ ಅಂತ ಪತ್ರ ಬರೆದರು.

ಕರಿಕೋಟು
ಒಂದು ತಿದ್ದುಪಡಿ ಸೇರಿಸುತ್ತೇನೆ ಫಿಟ್ಟರ್ ಸರ್. ಆ ಕಾನೂನು ನಿಷೇಧ ಮಾಡಿದ್ದು ತೋಟಾವನ್ನಲ್ಲ, ಆ ತೋಟಾ ಹಾರಿಸುವ ರೈಫಲ್ಲನ್ನು. ಮೊದಲೇ ಇದ್ದವರು 2006ರ ಏಪ್ರಿಲ್ 30ರೊಳಗೆ ನೋಂದಣಿ ಮಾಡಿಸಬೇಕಿತ್ತು. ರೈಫಲ್ಲಿನ ವ್ಯಾಖ್ಯೆ ತೋಟಾದ ಮೇಲೆ ನಿಂತಿದೆ, ಅದಕ್ಕೇ ತೋಟಾಕ್ಕೆ ಇಷ್ಟು ಅಳತೆ.

ನೇಪರ್‌ವಿಲ್ ಅಕ್ಕ
ನಮ್ಮ ಇಲಿನಾಯ್ ಅದನ್ನು ನೋಡಿಯೇ ಪಾಠ ಕಲಿತಿರಬೇಕು. 2023ರ ಜನವರಿ 10ಕ್ಕೆ ಗವರ್ನರ್ ಪ್ರಿಟ್ಸ್‌ಕರ್ ಸಹಿ ಹಾಕಿದ ಕಾನೂನಿನಲ್ಲಿ .50 ರೈಫಲ್ಲೂ ಇದೆ, .50 ತೋಟಾವೂ ಇದೆ. ಅಳತೆ ಕೋಷ್ಟಕ ಇಲ್ಲ. 'ಹೆಸರಿನಿಂದಾಗಲಿ, ನಿಜವಾದ ಅಳತೆಯಿಂದಾಗಲಿ' .50 ಬಿಎಂಜಿ ಆಗಿದ್ದರೆ ಸಾಕು. ಮೊದಲೇ ಇಟ್ಟುಕೊಂಡವರು 2024ರ ಜನವರಿ 1ರೊಳಗೆ ರಾಜ್ಯ ಪೊಲೀಸರಿಗೆ ಅಫಿಡವಿಟ್ ಕೊಡಬೇಕಿತ್ತು. ತೋಟಾಕ್ಕೂ!

ಇದರಲ್ಲಿ ನನಗೇನು ಕೆಲಸ ಅಂತ ಕೇಳಬಹುದು. ನಮ್ಮ ಮನೆಯವರಿಗೆ ಆಫೀಸಿನಲ್ಲಿ ಯಾರೋ ಬೀಳ್ಕೊಡುಗೆಗೆ ಒಂದು ಬಾಟಲ್ ಓಪನರ್ ಕೊಟ್ಟಿದ್ದರು. .50 ತೋಟಾದಿಂದ ಮಾಡಿದ್ದು, ಹಿತ್ತಾಳೆ ಕೇಸಿನ ಪಕ್ಕ ಕೊರೆದು, ಒಳ್ಳೆ ಗಣೇಶನ ಹೊಟ್ಟೆ ಗಾತ್ರ ಇದೆ. ಆ ವರ್ಷ ಕ್ರಿಸ್‌ಮಸ್ ರಜೆಯಲ್ಲಿ ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಅದಕ್ಕೂ ಅಫಿಡವಿಟ್' ಅಂತ ಹಾಕಿದರು. ಇವರು ರಾತ್ರಿ ಹನ್ನೊಂದಕ್ಕೆ ಎದ್ದು ಅದನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟರು. ಅಪರಾಧಿ ಲಕ್ಷಣ ನೋಡಿ!

ಬೆಳಗ್ಗೆ ನಾನೇ ಕಾನೂನು ತೆಗೆದು ಓದಿದೆ. ಮತ್ತೆ ತೋಟಾ ಮಾಡಲು ಸುಲಭವಾಗಿ ಬಾರದ ಹಾಗೆ ಶಾಶ್ವತವಾಗಿ ಬದಲಾಯಿಸಿದ ನೆನಪಿನ ಕಾಣಿಕೆ, ಪ್ರದರ್ಶನದ ವಸ್ತು .50 ತೋಟಾದ ವ್ಯಾಖ್ಯೆಯಲ್ಲಿ ಬರುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಪಕ್ಕದಲ್ಲಿ ಅಷ್ಟು ದೊಡ್ಡ ತೂತು ಇರುವ ಓಪನರ್ ತೋಟಾ ಆಗುವುದು ಹೇಗೆ? ಅಕ್ಕಿ ಡಬ್ಬದಿಂದ ಬಿಡುಗಡೆ ಆಯಿತು.

ಸುಮ್ನೆ ಓದೋನು
ಅಕ್ಕ, ಆ ಕಾನೂನು ಕೋರ್ಟಿಗೆ ಹೋಗಿತ್ತಲ್ವಾ?

ನೇಪರ್‌ವಿಲ್ ಅಕ್ಕ
ಹೌದು. 2024ರ ನವೆಂಬರ್‌ನಲ್ಲಿ ಒಬ್ಬ ಫೆಡರಲ್ ನ್ಯಾಯಾಧೀಶರು ಕಾನೂನು ಸಂವಿಧಾನಕ್ಕೆ ವಿರುದ್ಧ ಅಂದರು. ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಆ ತೀರ್ಪಿಗೆ ತಡೆ ಹಾಕಿತು. ಇಲ್ಲಿಗೆ ಬರುವವರು ಹಳೇ ಲೇಖನ ಓದಿ ಧೈರ್ಯ ಮಾಡಬೇಡಿ. ಇನ್ನೊಂದು, ಇಲ್ಲಿಯ ನಿವಾಸಿಗಳು ಬರೀ ತೋಟಾ ಇಟ್ಟುಕೊಳ್ಳುವುದಕ್ಕೂ ಫಾಯ್ಡ್ ಕಾರ್ಡ್, ಅಂದರೆ ರಾಜ್ಯ ಕೊಡುವ ಬಂದೂಕುದಾರರ ಗುರುತಿನ ಚೀಟಿ, ಬೇಕು, ಬಂದೂಕು ಇಲ್ಲದಿದ್ದರೂ.

ಜೆರ್ಸಿ ಹಸು
ಲೋಹ ಆಯಿತು, ಅಳತೆ ಆಯಿತು, ಹೆಸರು ಆಯಿತು. ಆಕಾರ ನಮ್ಮದು, ನ್ಯೂಜೆರ್ಸಿದು. ಇಲ್ಲಿಯ ಕಾನೂನಿನಲ್ಲಿ ಏನು ಬರೆದಿದೆ ಗೊತ್ತಾ? 'ಟೊಳ್ಳು ಮೂಗಿನ ಅಥವಾ ದಮ್‌ದಮ್ ಗುಂಡು'. ದಮ್‌ದಮ್! ಕೋಲ್ಕತ್ತಾ ವಿಮಾನ ನಿಲ್ದಾಣ ಇದೆಯಲ್ಲ, ಅದೇ ದಮ್‌ದಮ್. 1890ರ ದಶಕದಲ್ಲಿ ಅಲ್ಲಿಯ ಬ್ರಿಟಿಷ್ ಮದ್ದುಗುಂಡು ಕಾರ್ಖಾನೆಯಲ್ಲಿ .303 ರೈಫಲ್ ಗುಂಡಿನ ತುದಿಯ ಹೊದಿಕೆ ಬಿಡಿಸಿ ಸೀಸ ಕಾಣುವ ಹಾಗೆ ಮಾಡಿದರು. ಒಳಗೆ ಹೋದ ಮೇಲೆ ಅಣಬೆ ಹಾಗೆ ಅರಳಲಿ ಅಂತ. ವಾಯವ್ಯ ಗಡಿಯ ಪಠಾಣರ ಮೇಲೆ ಹಾರಿಸಲು ಮಾಡಿದ್ದು. 1899ರಲ್ಲಿ ಹೇಗ್‌ನಲ್ಲಿ ದೇಶಗಳೆಲ್ಲ ಕೂತು ಯುದ್ಧದಲ್ಲಿ ಅರಳುವ ಗುಂಡು ಬೇಡ ಅಂತ ಬರೆದುಕೊಂಡವು. ಬ್ರಿಟನ್ ಆಗ ಒಪ್ಪಲಿಲ್ಲ, 1907ರಲ್ಲಿ ಒಪ್ಪಿತು. ಬಂಗಾಳದ ಒಂದು ಊರಿನ ಹೆಸರು ಹೀಗೆ ಅಟ್ಲಾಂಟಿಕ್ ದಾಟಿ ನಮ್ಮ ರಾಜ್ಯದ ಅಪರಾಧ ಸಂಹಿತೆಗೆ ಬಂದು ಸೇರಿದೆ.

ಪೂರ್ತಿ ನಿಷೇಧ ಅಲ್ಲ. ಮನೆಯಲ್ಲಿ, ಸ್ವಂತ ಜಮೀನಿನಲ್ಲಿ ಇಟ್ಟುಕೊಳ್ಳಬಹುದು. ಅಂಗಡಿಯಿಂದ ಮನೆಗೆ ತರಬಹುದು. ರೇಂಜಿಗೆ, ಬೇಟೆಗೆ ಒಯ್ಯಬಹುದು. ದಾರಿಯಲ್ಲಿ ಸುಮ್ನೆ ಸುತ್ತಾಡಿಕೊಂಡು ಸಿಕ್ಕಿಬಿದ್ದರೆ ಕಷ್ಟ.

ಇನ್ನೂ ಮಜಾ ಇದೆ. ಆ ಟೊಳ್ಳಿಗೆ ಪ್ಲಾಸ್ಟಿಕ್ ತುಂಬಿ ಬರುವ ಗುಂಡುಗಳಿವೆ. ತುದಿಯಲ್ಲಿ ಟೊಳ್ಳು ಇಲ್ಲ ಅಂದ ಮೇಲೆ ಅದು ಟೊಳ್ಳು ಮೂಗಿನ ಗುಂಡಲ್ಲ ಅಂತ ರಾಜ್ಯ ಪೊಲೀಸರೇ ಹೇಳುತ್ತಾರೆ. ಹಲ್ಲಿನ ಡಾಕ್ಟರು ತೂತು ತುಂಬಿದ ಹಾಗೆ.

ಕರಿಕೋಟು
ಜೆರ್ಸಿಯವರ ಮಾತಿಗೆ ಒಂದು ಬಾಲ. ಯುದ್ಧದಲ್ಲಿ ಅರಳುವ ಗುಂಡು ಅಪರಾಧ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಗೆ ಹೋದರೆ ಅರಳುವ ಗುಂಡನ್ನೇ ಹಾಕಬೇಕು, ಬೇರೆ ಹಾಕಿದರೆ ತಪ್ಪು. ಪ್ರಾಣಿ ಬೇಗ ಸಾಯಲಿ, ಗಾಯಗೊಂಡು ಕಾಡಿನಲ್ಲಿ ನರಳದಿರಲಿ ಅಂತ. ಎರಡೂ ನಿಯಮ ಕರುಣೆಯ ಹೆಸರಿನಲ್ಲೇ ಬಂದವು.

ಪೀಣ್ಯ ಫಿಟ್ಟರ್
ಜೆರ್ಸಿಯಲ್ಲಿ ಇನ್ನೊಂದು ಹಿಡಿಕೆ ಇದೆ, ನೀವು ಬಿಟ್ಟಿರಿ. ಗಡಸುತನ! ಕವಚ ಸೀಳುವ ತೋಟಾದ ವ್ಯಾಖ್ಯೆಯಲ್ಲಿ ರಾಕ್‌ವೆಲ್ ಬಿ 72 ಅಂತ ಬರೆದಿದ್ದಾರೆ. ಓದಿ ಕುರ್ಚಿಯಿಂದ ಎದ್ದು ನಿಂತೆ. ನಾವು ದಿನಾ ಮಾಡುವ ಪರೀಕ್ಷೆ ಅದು. ಇಂಚಿನ ಹದಿನಾರರಲ್ಲಿ ಒಂದು ಭಾಗದಷ್ಟು ವ್ಯಾಸದ ಗೋಲಿಯನ್ನು 100 ಕೆಜಿ ಭಾರದಲ್ಲಿ ಒತ್ತಿ, ಎಷ್ಟು ಕುಳಿ ಬಿತ್ತು ನೋಡುವುದು. ತಿರುಳು ಅದಕ್ಕಿಂತ ಗಡಸಾಗಿದ್ದರೆ, ಅಥವಾ .025 ಇಂಚಿಗಿಂತ ದಪ್ಪ ಇರುವ ಹೊದಿಕೆ ಗಡಸಾಗಿದ್ದರೆ, ಮತ್ತು ಮುಖ್ಯವಾಗಿ ಕೈಬಂದೂಕಿಗೆ ಮಾಡಿದ್ದಾದರೆ, ನಿಷೇಧ. 72 ಅಂದರೆ ದೊಡ್ಡ ಗಡಸೇನಲ್ಲ. ನಮ್ಮ ಸಾದಾ ಎಂಎಸ್ ರಾಡು, ಎಳೆದು ಗಟ್ಟಿ ಮಾಡಿದ ಹಿತ್ತಾಳೆ ಅದರ ಆಸುಪಾಸೇ ಬರುತ್ತವೆ. ಆದರೂ ಈ ಕಾನೂನು ಬರೆದವರ ಕೈ ಕುಲುಕಬೇಕು ಅನಿಸಿತು. ಹೆಸರಲ್ಲ, ಬಣ್ಣವಲ್ಲ, ಅಳೆಯಬಹುದಾದ ಒಂದು ಗುಣ ಹಿಡಿದಿದ್ದಾರೆ.

ಖಡಕ್ ರೊಟ್ಟಿ
ಇಷ್ಟೆಲ್ಲ ಯಾಕ್ರೀ? ಬಂದೂಕೇ ಇಲ್ಲದಿದ್ದರೆ ತೋಟಾ ಯಾಕೆ, ಕಾನೂನು ಯಾಕೆ? ಅಮೆರಿಕದವರಿಗೆ ಬುದ್ಧಿ ಇಲ್ಲ.

ಅರಳಿಕಟ್ಟೆ, ಮೇಲ್ವಿಚಾರಕ
ಬಂದೂಕು ಬೇಕೋ ಬೇಡವೋ ಅನ್ನುವುದಕ್ಕೆ ಬೇರೆ ಎಳೆ ಇದೆ, 400 ಉತ್ತರ ಆಗಿದೆ, ಅಲ್ಲಿಗೆ ಹೋಗಿ. ಇಲ್ಲಿ ಕಾನೂನು ಏನು ಹೇಳುತ್ತದೆ ಅನ್ನುವುದಷ್ಟೇ. ಎಲ್ಲಿ ಸಿಗುತ್ತದೆ, ಹೇಗೆ ಮಾಡುವುದು ಅನ್ನುವ ಪ್ರಶ್ನೆ ಬಂದರೆ ಅಳಿಸುತ್ತೇನೆ.

ಹಕ್ಕಿನೋಟ
ನಾನು ಬಂದೂಕಿನವಳಲ್ಲ, ದುರ್ಬೀನಿನವಳು. ಆದರೆ ಕ್ಯಾಲಿಫೋರ್ನಿಯಾದ ತೋಟಾ ಕಾನೂನುಗಳಲ್ಲಿ ನನಗೆ ಬಾಯಿಪಾಠ ಆಗಿರುವುದು ಒಂದಿದೆ, ಅದನ್ನು ಯಾರೂ ಎತ್ತಲಿಲ್ಲ. ಸೀಸದ ನಿಷೇಧ.

ಕ್ಯಾಲಿಫೋರ್ನಿಯಾ ಕಾಂಡೋರ್, ರಣಹದ್ದಿನ ಜಾತಿಯ ದೊಡ್ಡ ಹಕ್ಕಿ. ರೆಕ್ಕೆ ಬಿಚ್ಚಿದರೆ ಒಂಬತ್ತೂವರೆ ಅಡಿ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದು 22. 1987ರಲ್ಲಿ ಕಾಡಿನಲ್ಲಿದ್ದ ಕೊನೆಯದನ್ನೂ ಹಿಡಿದು ಪಂಜರದಲ್ಲಿ ಮರಿ ಮಾಡಿಸಿದರು. ಈಗ 500 ದಾಟಿವೆ. ಬಿಟ್ಟ ಹಕ್ಕಿಗಳು ಮತ್ತೆ ಮತ್ತೆ ಸಾಯುತ್ತಿದ್ದವು. ಕಾರಣ ಸೀಸ. ಸೀಸದ ರೈಫಲ್ ಗುಂಡು ಜಿಂಕೆಯ ಮೈಯಲ್ಲಿ ನೂರಾರು ಚೂರಾಗುತ್ತದೆ. ಬೇಟೆಗಾರ ಮಾಂಸ ಒಯ್ಯುತ್ತಾನೆ, ಕರುಳನ್ನು ಕಾಡಿನಲ್ಲೇ ಬಿಡುತ್ತಾನೆ. ಅದನ್ನು ತಿಂದ ಹಕ್ಕಿಯ ಹೊಟ್ಟೆಗೆ ಸಾಸಿವೆಗಿಂತ ಸಣ್ಣ ಸೀಸ ಹೋದರೂ ಸಾಕು, ಜೀರ್ಣಾಂಗ ನಿಂತು ಹಸಿವಿನಿಂದ ಸಾಯುತ್ತದೆ.

2008ರ ಜುಲೈನಿಂದ ಕಾಂಡೋರ್ ಇರುವ ಪ್ರದೇಶದಲ್ಲಿ ದೊಡ್ಡ ಬೇಟೆಗೆ ಸೀಸ ಬಂದ್ ಆಯಿತು. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಎಬಿ 711 ಅನ್ನುವ ಮಸೂದೆಗೆ ಸಹಿ ಹಾಕಿದರು. 2019ರ ಜುಲೈ 1ರಿಂದ ರಾಜ್ಯದಲ್ಲಿ ಬಂದೂಕಿನಿಂದ ಯಾವ ಕಾಡುಪ್ರಾಣಿ ಹೊಡೆದರೂ ಸೀಸವಿಲ್ಲದ ಗುಂಡೇ ಬೇಕು. ತೂಕದಲ್ಲಿ ನೂರಕ್ಕೆ ಒಂದಕ್ಕಿಂತ ಜಾಸ್ತಿ ಸೀಸ ಇರಬಾರದು.

ಊರಿನಲ್ಲಿ ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಇಂಜೆಕ್ಷನ್ನಿನಿಂದ ನಮ್ಮ ರಣಹದ್ದುಗಳು ಸತ್ತವಲ್ಲ, ಹಾಗೇ ಇದು. ಅಲ್ಲಿ ದನದ ಔಷಧಿ, ಇಲ್ಲಿ ಬೇಟೆಯ ಗುಂಡು. ಯಾರಿಗೂ ಹಕ್ಕಿಯನ್ನು ಕೊಲ್ಲುವ ಮನಸ್ಸಿರಲಿಲ್ಲ. ರಾಮದೇವರ ಬೆಟ್ಟದ ಕೆಳಗೆ ನಿಂತು ಬೆಳಗಿನಿಂದ ಸಂಜೆವರೆಗೆ ಮೂರೇ ಮೂರು ಹದ್ದು ಲೆಕ್ಕ ಮಾಡಿದ ದಿನ ನೆನಪಾಗುತ್ತದೆ.

ಬಾಳೆಲೆಯವ
ಅಕ್ಕ, ಹಾಗಾದರೆ ರೇಂಜಿನಲ್ಲಿ ಸೀಸ ಹೊಡೆಯುವುದೂ ತಪ್ಪಾ?

ಹಕ್ಕಿನೋಟ
ಇಲ್ಲ, ಆ ಕಾನೂನು ಪ್ರಾಣಿಗಳ ಮೇಲೆ ಹೊಡೆಯುವುದಕ್ಕೆ ಮಾತ್ರ. ರೇಂಜಿಗೆ ಅನ್ವಯಿಸುವುದಿಲ್ಲ. ರೇಂಜಿನವರ ಸ್ವಂತ ರೂಲು ಬೇರೆ ಇರಬಹುದು.

ಕರಿಕೋಟು
ಹಕ್ಕಿನೋಟ ಅವರು ಎತ್ತಿದ್ದು ಬಹಳ ಒಳ್ಳೆಯದಾಯಿತು. ಎರಡು ಕಾನೂನು ಡಿಕ್ಕಿ ಹೊಡೆಯುವ ಜಾಗ ಇದೇ.

ರಾಜ್ಯ ಹೇಳುತ್ತದೆ: ಸೀಸ ಬೇಡ. ಹಾಗಾದರೆ ಯಾವ ಲೋಹ? ಹಿತ್ತಾಳೆ ಅಥವಾ ಕಂಚಿನ ಗಟ್ಟಿ ಗುಂಡು ಮಾಡೋಣ ಅಂದರೆ ಕೇಂದ್ರದ ಕವಚ ಸೀಳುವ ಪಟ್ಟಿಯಲ್ಲಿ ಎರಡೂ ಇವೆ. ಆ ತೋಟಾ ಹಾಕುವ ಪಿಸ್ತೂಲು ಎಲ್ಲಾದರೂ ಇದ್ದರೆ ಮುಗಿಯಿತು. ಉಳಿದದ್ದು ತಾಮ್ರ. ಪಟ್ಟಿಯಲ್ಲಿ ಬೆರಿಲಿಯಂ ತಾಮ್ರ ಇದೆ, ಬರೀ ತಾಮ್ರ ಇಲ್ಲ. ಕ್ಯಾಲಿಫೋರ್ನಿಯಾದ ಬೇಟೆಗಾರರೆಲ್ಲ ಆ ಸಣ್ಣ ಸಂದಿಯಲ್ಲಿ ನಡೆಯುತ್ತಿದ್ದಾರೆ.

ಶಾಸಕರಿಗೂ ಇದು ಗೊತ್ತಿತ್ತು. ಅದಕ್ಕೇ ಎಬಿ 711ರಲ್ಲೇ ಒಂದು ಬಾಗಿಲು ಇಟ್ಟರು. ಕೇಂದ್ರದ ಕವಚ ಸೀಳುವ ನಿಯಮದಿಂದಾಗಿ ಯಾವುದಾದರೂ ಕ್ಯಾಲಿಬರಿನಲ್ಲಿ, ಅಂದರೆ ಗುಂಡಿನ ಅಳತೆಯಲ್ಲಿ, ಸೀಸವಿಲ್ಲದ ತೋಟಾ ಮಾರುಕಟ್ಟೆಯಲ್ಲೇ ಸಿಗದಿದ್ದರೆ, ಆ ಕ್ಯಾಲಿಬರಿಗೆ, ಆ ಹಂಗಾಮಿಗೆ ಸೀಸದ ನಿಷೇಧ ತಾತ್ಕಾಲಿಕವಾಗಿ ನಿಲ್ಲುತ್ತದೆ. ಒಂದು ಕಾನೂನು ಇನ್ನೊಂದಕ್ಕೆ ಹೆದರಿಕೊಂಡು ಬರೆದ ಸಾಲು ಅದು.

ಇನ್ನೊಂದು ಎಚ್ಚರಿಕೆ, ಇದು ಬಾಳೆಲೆಯವರಿಗೆ ಮಾತ್ರ ಅಲ್ಲ. ಹಸಿರು ತುದಿಗೆ ಹೆದರುತ್ತೀರಿ, ಆದರೆ ಇಲ್ಲಿ ನಿಜವಾಗಿ ಹೆದರಬೇಕಾದ್ದು ಟ್ರೇಸರ್‌ಗೆ. ಹಾರುವಾಗ ಬೆಳಕು ಬಿಡುತ್ತ ಹೋಗುವ ಗುಂಡು. ಸೇನೆಯ 5.56ರಲ್ಲಿ ಅದರ ತುದಿ ಕಿತ್ತಳೆ ಬಣ್ಣ. ಕ್ಯಾಲಿಫೋರ್ನಿಯಾದ ಸೆಕ್ಷನ್ 16460 ಟ್ರೇಸರ್ ಮತ್ತು ಬೆಂಕಿ ಹಚ್ಚುವ ತೋಟಾಗಳನ್ನು ವಿಧ್ವಂಸಕ ಸಾಧನಗಳ ಸಾಲಿಗೆ ಸೇರಿಸಿದೆ, ಶಾಟ್‌ಗನ್ನಿನ ಟ್ರೇಸರ್ ಬಿಟ್ಟು. ಅಂದರೆ ಬಾಂಬಿನ ಪಂಕ್ತಿಯಲ್ಲಿ ಊಟ. ಬೇರೆ ಎಷ್ಟೋ ರಾಜ್ಯಗಳಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ. ಹಳೇ ಮಿಲಿಟರಿ ಮಾಲಿನ ಡಬ್ಬಿ ಕೊಂಡರೆ ನಡುವೆ ಬಣ್ಣದ ತುದಿ ಇದೆಯಾ ಅಂತ ಒಂದೊಂದೇ ನೋಡಿ. ಮತ್ತೆ, ಪಕ್ಕದ ನೆವಾಡಾ ರಾಜ್ಯದ ರೀನೋಗೆ ಹೋಗಿ ಅಗ್ಗಕ್ಕೆ ತೋಟಾ ಕೊಂಡು ತರುವ ಆಸೆ ಬೇಡ. 2018ರಿಂದ ರಾಜ್ಯದ ನಿವಾಸಿ ಹೊರಗೆ ಕೊಂಡದ್ದನ್ನು ಇಲ್ಲಿಯ ಲೈಸೆನ್ಸ್ ಅಂಗಡಿಯ ಮೂಲಕವೇ ತರಿಸಬೇಕು ಅನ್ನುವ ನಿಯಮ ಬಂದಿದೆ. ಅದರ ಮೇಲೂ ಕೇಸು ನಡೆದಿದೆ, ಆರು ಒಲಿಂಪಿಕ್ಸ್ ಪದಕ ಗೆದ್ದ ಕಿಮ್ ರೋಡ್ ಹೆಸರಿನಲ್ಲೇ. ಹೋಗುವ ವಾರ ಏನು ಸ್ಥಿತಿ ಅಂತ ನೋಡಿಕೊಳ್ಳಿ.

ಸುಮ್ನೆ ಓದೋನು
ಕರಿಕೋಟು ಸರ್, ನನ್ನದು ಎಚ್1ಬಿ. ಗೆಳೆಯರು ರೇಂಜಿಗೆ ಕರೆಯುತ್ತಿದ್ದಾರೆ. ಬಂದೂಕು ಅವರದು, ನಾನು ತೋಟಾ ಡಬ್ಬಿ ಹಿಡಿದುಕೊಳ್ಳುವುದು ಮಾತ್ರ. ಪರವಾಗಿಲ್ವಾ?

ಕರಿಕೋಟು
ಪರವಾಗಿಲ್ಲ ಅನ್ನುವ ಹಾಗಿಲ್ಲ! ನಿಲ್ಲಿ. ಈ ಎಳೆಯಲ್ಲಿ ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ವಲಸೆಯೇತರ ವೀಸಾದಲ್ಲಿ ಬಂದವರು, ಅಂದರೆ ಕೆಲಸದ ಎಚ್1ಬಿ, ಓದಿನ ಎಫ್1, ಪ್ರವಾಸದ ಬಿ2 ಎಲ್ಲರೂ, ಬಂದೂಕು *ಅಥವಾ ತೋಟಾ* ವಶದಲ್ಲಿ ಇಟ್ಟುಕೊಳ್ಳುವುದು ಕೇಂದ್ರದ ಕಾನೂನಿನಡಿ ಅಪರಾಧ. ಹಸಿರು, ತಾಮ್ರ, ಟೊಳ್ಳು ಯಾವ ಭೇದವೂ ಇಲ್ಲ. ಒಂದೇ ಒಂದು ತೋಟಾ ಸಾಕು. ಕೆಲವು ವಿನಾಯಿತಿಗಳಿವೆ. ಜನ ಸಾಮಾನ್ಯವಾಗಿ ಬಳಸುವುದು ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಅದಿಲ್ಲದೆ ಫೋಟೋಕ್ಕೆ ಅಂತಲೂ ಕೈ ಹಾಕಬೇಡಿ. ಗ್ರೀನ್ ಕಾರ್ಡ್ ಫಾರ್ಮು ತುಂಬುವ ದಿನ ಆ ಇನ್‌ಸ್ಟಾ ಫೋಟೋ ನೆನಪಾಗಬಾರದು.

ಬಾಳೆಲೆಯವ
ಇದು ನಮಗೂ ಅವತ್ತು ಆಯಿತು. ಮಾವನದು ಬಿ2 ವೀಸಾ. ಕೌಂಟರಿನಲ್ಲೇ ಕೇಳಿದರು, ಬೇಡ ಅಂದರು. ಮಾವ ಹತ್ತನೇ ವಯಸ್ಸಿನಿಂದ ಕೋವಿ ಹಿಡಿದವರು. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಬೇಡ ಅನ್ನುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ, ಈಗ 2029ರವರೆಗೆ ಮುಂದುವರಿಸಿದ್ದಾರೆ. ಅಂಥವರು ಬೆಂಚಿನ ಮೇಲೆ ಕೈಕಟ್ಟಿ ಕೂತು, ನಾನು ಗುರಿ ತಪ್ಪಿಸುವುದನ್ನು ನೋಡಬೇಕಾಯಿತು. ಪ್ರತಿ ಈಡಿಗೂ ಒಂದು ನಿಟ್ಟುಸಿರು.

ಕಳಸದ ಕೋವಿ
ಊರಿನಿಂದ ಬರೆಯುತ್ತಿದ್ದೇನೆ. ನಿಮ್ಮ ಅಳತೆ ಕತೆ ಓದಿ ನಗು ಬಂತು. ಇಲ್ಲೂ ಅದೇ ಅಲ್ವಾ? .303 ಸೇನೆಯ ಬೋರ್, ಅಂದರೆ ನಳಿಗೆಯ ಅಳತೆ, ಜನರಿಗೆ ಇಲ್ಲ. ಹಾಗಾಗಿ ಆರ್ಡನೆನ್ಸ್ ಫ್ಯಾಕ್ಟರಿಯವರು .315 ಮಾಡಿ ಲೈಸೆನ್ಸ್ ಇದ್ದವರಿಗೆ ಮಾರುತ್ತಾರೆ. ಹುಲಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ವ್ಯತ್ಯಾಸ ಇರುವುದು, ಸೇನೆಯ ಗೋದಾಮಿನಿಂದ ಕದ್ದ ತೋಟಾ ಆ ರೈಫಲ್ಲಿಗೆ ಹಿಡಿಸುವುದಿಲ್ಲ ಅನ್ನುವುದರಲ್ಲಿ.

ನೇಪರ್‌ವಿಲ್ ಅಕ್ಕನಿಗೂ ಉಳಿದವರಿಗೂ ಒಂದು ಮಾತು. ಊರಿಗೆ ಬರುವಾಗ ತೋಟಾ ಸಂಬಂಧದ ಯಾವುದನ್ನೂ ತರಬೇಡಿ. ನಮ್ಮ ನೆಂಟರ ಹುಡುಗನೊಬ್ಬ ಅಮೆರಿಕದ ರೇಂಜಿಗೆ ಒಯ್ದಿದ್ದ ಬೆನ್ನುಚೀಲವನ್ನೇ ಊರಿಗೂ ತಂದ. ವಾಪಸ್ ಹೋಗುವಾಗ ಒಂದು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಜೇಬಿನ ಮೂಲೆಯಲ್ಲಿ ಒಂದು ಜೀವಂತ ತೋಟಾ ಕಂಡಿತು. ವಿಮಾನ ಹೋಯಿತು, ಆಯುಧ ಕಾಯ್ದೆಯಲ್ಲಿ ಕೇಸು ಬಂತು. ಅರಿವಿದ್ದು ಇಟ್ಟುಕೊಂಡಿದ್ದರೆ ಮಾತ್ರ ಅಪರಾಧ ಅಂತ ಸುಪ್ರೀಂ ಕೋರ್ಟು 1972ರಲ್ಲೇ ಹೇಳಿದೆ, ಕೊನೆಗೆ ಬಿಡುಗಡೆಯೂ ಆಯಿತು. ಆದರೆ ಅಲ್ಲಿಯವರೆಗೆ ಎಷ್ಟು ಅಲೆದಾಟ, ಎಷ್ಟು ಖರ್ಚು. ರೇಂಜಿನ ಚೀಲ ಬೇರೆ, ಪ್ರಯಾಣದ ಚೀಲ ಬೇರೆ ಇರಲಿ.

ನೇಪರ್‌ವಿಲ್ ಅಕ್ಕ
ಓಪನರ್ ಮತ್ತೆ ಅಕ್ಕಿ ಡಬ್ಬಕ್ಕೆ ಹೋಯಿತು. 🙏

ಬಾಳೆಲೆಯವ
ಎಲ್ಲರಿಗೂ ದೊಡ್ಡ ನಮಸ್ಕಾರ. ನಿನ್ನೆ ಮತ್ತೆ ಹೋಗಿದ್ದೆವು. ಈ ಸಲ ತಾಮ್ರದ ಗುಂಡು, ಬೆಲೆ ಕೇಳಬೇಡಿ. ಅಯಸ್ಕಾಂತ ಜಾರಿಕೊಂಡು ಹೋಯಿತು, ರೇಂಜಿನವನು ತಲೆಯಾಡಿಸಿದ. ಹಸಿರು ತುದಿಯ ಡಬ್ಬಿ ಮನೆಯ ಬೀರುವಿನಲ್ಲಿದೆ, ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಮಾವ ಬೆಂಚಿನ ಮೇಲೆ ಕೂತು ಒಂದು ಗಂಟೆ ಕಾಗದದ ಗುರಿಯನ್ನೇ ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಮೆಲ್ಲಗೆ, 'ಹೊಡೆಯುವುದು ನೀನೇ ಹೊಡಿ, ಆದರೆ ಆ ಕಾಗದ ತೆಗೆದು ಒಂದು ತೆಂಗಿನಕಾಯಿ ಕಟ್ಟಬಹುದಾ ಅಂತ ಕೇಳು. ಕೈಲ್ ಪೊಳ್ದ್ ಹತ್ತಿರ ಬಂತಲ್ಲ' ಅಂದರು. ಆಯುಧ ಪೂಜಿಸಿ ತೆಂಗಿನಕಾಯಿಗೆ ಗುರಿಯಿಡುವ ನಮ್ಮ ಹಬ್ಬ ಅದು.

ಕೇಳಿದೆ. ಅದಕ್ಕೂ ಅವರಲ್ಲಿ ಒಂದು ರೂಲು ಇದೆಯಂತೆ.